ಶಾಲೆಯಲ್ಲಿ ಕಚ್ಚುತ್ತಾನೆ, ಸ್ಕೂಟಿ ಹತ್ತಿದರೆ ಸುಮ್ಮನಾಗುತ್ತಾನೆ

ಪ್ರಶ್ನೆ: ನಾವು ಸಕಲೇಶಪುರ ತಾಲ್ಲೂಕಿನವರು. ಯಜಮಾನರು ಕಾಫಿ ಎಸ್ಟೇಟಿನಲ್ಲಿ ರೈಟರ್. ಮಗನಿಗೆ 8 ವರ್ಷ, ಊರಿನ ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸು. ನಾಲ್ಕನೇ ವರ್ಷದಲ್ಲಿ ಆಟಿಸಂ ಅಂತ ಹೇಳಿದರು. ಹತ್ತು ಹನ್ನೆರಡು ಪದ ಮಾತಾಡುತ್ತಾನೆ. ಹೋದ ವರ್ಷ ಶಾಲೆಯಲ್ಲಿ ಅಷ್ಟೇನೂ ತೊಂದರೆ ಇರಲಿಲ್ಲ. ಆಗ ಹಳೇ ಹೆಂಚಿನ ಕಟ್ಟಡ. ಈ ವರ್ಷ ಪಕ್ಕದ ಶೀಟಿನ ರೂಮಿಗೆ ಹಾಕಿದ್ದಾರೆ, ಮೇಷ್ಟ್ರೂ ಹೊಸಬರು. ಜೂನ್‌ನಿಂದ ತನ್ನ ಕೈ ಕಚ್ಚಿಕೊಳ್ಳುತ್ತಾನೆ, ಪಕ್ಕದ ಮಕ್ಕಳನ್ನೂ ಕಚ್ಚುತ್ತಾನೆ. ವಾರದಲ್ಲಿ ಮೂರು ನಾಲ್ಕು ದಿನ ಬಿಸಿಯೂಟದ ಹೊತ್ತಿಗೆ ಫೋನ್ ಬರುತ್ತದೆ, ಹೋಗಿ ಕರೆದುಕೊಂಡು ಬರುತ್ತೇನೆ. ಸ್ಕೂಟಿ ಹತ್ತಿದ ಕೂಡಲೇ, ಮಳೆಯಲ್ಲಿ ನೆನೆಯುತ್ತಿದ್ದರೂ, ಸುಮ್ಮನಾಗುತ್ತಾನೆ. ಮನೆಯಲ್ಲಿ ಕಚ್ಚುವುದಿಲ್ಲ, ಆದರೆ ಮೊಬೈಲ್ ಕಿತ್ತುಕೊಂಡರೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾನೆ. ‘ನಾಲ್ಕು ಬಿಟ್ರೆ ಸರಿ ಹೋಗ್ತಾನೆ’ ಅನ್ನುತ್ತಾರೆ ಅತ್ತೆ. ಸ್ಪೆಷಲ್ ಸ್ಕೂಲಿಗೆ ಹಾಕಿ ಅನ್ನುತ್ತಾರೆ ಶಾಲೆಯವರು. ಮಾತ್ರೆ ಕೊಡಿಸಬೇಕಾ? ನಾವು ಎಲ್ಲಿ ತಪ್ಪಿದೆವು?

ಉತ್ತರ: ಎರಡು ಸಾಲುಗಳನ್ನು ನೀವು ಸುಮ್ನೆ ಬರೆದು ಮುಂದೆ ಹೋಗಿದ್ದೀರಿ. ಒಂದು, ಹೆಂಚಿನ ಕಟ್ಟಡದಿಂದ ಶೀಟಿನ ರೂಮಿಗೆ ಹೋಗಿದ್ದು. ಇನ್ನೊಂದು, ಮಳೆಯಲ್ಲಿ ನೆನೆಯುತ್ತಿದ್ದರೂ ಸ್ಕೂಟಿ ಹತ್ತಿದ ಕೂಡಲೇ ಸುಮ್ಮನಾಗುವುದು. ಹಾಸನದಲ್ಲಿ ಕೂತು ಇಂಥ ಮಕ್ಕಳ ಜೊತೆ ಇಪ್ಪತ್ತು ವರ್ಷ ಕಳೆದ ನನಗೆ ಇಡೀ ಪತ್ರದಲ್ಲಿ ಕಣ್ಣಿಗೆ ಹೊಡೆದಿದ್ದು ಈ ಎರಡೇ.

ಜೂನ್, ಜುಲೈಯಲ್ಲಿ ನಿಮ್ಮ ಕಡೆ ಮಳೆ ಹೇಗೆ ಹೊಡೆಯುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಶೀಟಿನ ಕೆಳಗೆ ಕೂತರೆ ಪಕ್ಕದವರ ಮಾತು ಕೇಳುವುದಿಲ್ಲ. ಮೇಷ್ಟ್ರು ಕಿರುಚಿ ಪಾಠ ಮಾಡುತ್ತಾರೆ, ಮಕ್ಕಳು ಅದಕ್ಕಿಂತ ಜೋರಾಗಿ ಕಿರುಚುತ್ತಾರೆ. ಅಷ್ಟರಲ್ಲಿ ಊಟದ ಬೆಲ್. ಸ್ಟೀಲ್ ತಟ್ಟೆಗಳ ಸದ್ದು, ಸಾಲಿನಲ್ಲಿ ತಳ್ಳಾಟ, ಒದ್ದೆ ಬಟ್ಟೆ, ಸಾಂಬಾರಿನ ವಾಸನೆ. ನಮಗೆ ಇದು ಬರೀ ಗಲಾಟೆ. ಆಟಿಸಂ ಇರುವ ತುಂಬಾ ಮಕ್ಕಳಿಗೆ ಸದ್ದು, ಬೆಳಕು, ಮುಟ್ಟುವಿಕೆ ನಮಗಿಂತ ಬೇರೆ ಥರ ತಟ್ಟುತ್ತವೆ. ಕೆಲವರಿಗೆ ಮಿಕ್ಸಿ ಸದ್ದು ಕಿವಿಗೆ ಸೂಜಿ ಚುಚ್ಚಿದ ಹಾಗೆ. ಇನ್ನು ಕೆಲವರಿಗೆ ಏಟು ಬಿದ್ದರೂ ಗೊತ್ತಾಗುವುದಿಲ್ಲ. ಲಿಯೋ ಕ್ಯಾನರ್ ಎಂಬ ವೈದ್ಯ 1943ರಲ್ಲಿ ಮೊದಲ ಸಲ ಈ ಮಕ್ಕಳ ಬಗ್ಗೆ ಬರೆದಾಗಲೇ ಜೋರು ಸದ್ದಿಗೆ ಹೆದರುವುದನ್ನು ಗಮನಿಸಿದ್ದ. ಆದರೂ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದು ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿದ್ದು 2013ರಲ್ಲಿ. ಅಲ್ಲಿಯವರೆಗೆ ಎಷ್ಟು ಮಕ್ಕಳು ‘ಹಠಮಾರಿ’ ಅನ್ನಿಸಿಕೊಂಡರೋ.

ಮಳೆ ಅಂದರೆ ಅವನಿಗೆ ಭಯ ಇಲ್ಲ. ಇದ್ದಿದ್ದರೆ ಸ್ಕೂಟಿ ಮೇಲೆ ಇನ್ನೂ ಜಾಸ್ತಿ ಅಳುತ್ತಿದ್ದ. ಅವನಿಗೆ ತಡೆಯಲಾಗದಿರುವುದು ಶೀಟಿನ ಮೇಲೆ ಬೀಳುವ ಮಳೆ, ಅದರ ಜೊತೆಗೆ ಆ ಊಟದ ಹೊತ್ತು. ಇದು ನನ್ನ ಊಹೆ, ತಪ್ಪೂ ಆಗಬಹುದು. ಪರೀಕ್ಷೆ ಮಾಡುವುದು ಹೇಗೆ ಅಂತ ಮುಂದೆ ಹೇಳುತ್ತೇನೆ.

‘ಬೇಡ ಅನ್ನೋದಕ್ಕೆ ಬರುತ್ತಲ್ಲ, ಹೇಳಬಹುದಿತ್ತಲ್ಲ’ ಅಂತ ನಿಮಗೆ ಅನ್ನಿಸಬಹುದು. ಮನೆಯಲ್ಲಿ ಆರಾಮಾಗಿ ಕೂತಾಗ ಬರುವ ಮಾತು ತಲೆ ಕೆಟ್ಟಾಗ ಬರುವುದಿಲ್ಲ. ನಮಗೂ ಅಷ್ಟೇ, ಸಿಟ್ಟು ನೆತ್ತಿಗೇರಿದಾಗ ನಾಲಿಗೆ ತೊದಲುತ್ತದೆ. ಹತ್ತೇ ಪದ ಇರುವ ಮಗುವಿಗೆ ಆ ಹತ್ತೂ ಹಾರಿ ಹೋಗುತ್ತವೆ. ಉಳಿಯುವುದು ಹಲ್ಲು.

ಹಲ್ಲು ಕೆಲಸವನ್ನೂ ಮಾಡಿಕೊಡುತ್ತದೆ, ನೋಡಿ. ಕಚ್ಚಿದ, ಮಕ್ಕಳು ದೂರ ಸರಿದರು, ಮೇಷ್ಟ್ರು ಫೋನ್ ಮಾಡಿದರು, ಅಮ್ಮ ಬಂದರು, ಸದ್ದು ನಿಂತಿತು. ‘ನನ್ನನ್ನು ಇಲ್ಲಿಂದ ಕರೆದುಕೊಂಡು ಹೋಗಿ’ ಅಂತ ಹೇಳುವುದಕ್ಕೆ ಅವನಿಗೆ ಸಿಕ್ಕಿರುವ, ಪ್ರತಿ ಸಲವೂ ಕೈಕೊಡದ ಒಂದೇ ದಾರಿ ಅದು. ಅವನು ಲೆಕ್ಕ ಹಾಕಿ ನಾಟಕ ಮಾಡುತ್ತಿದ್ದಾನೆ ಅಂತ ನಾನು ಹೇಳುತ್ತಿಲ್ಲ. ಯಾವ ಬಾಗಿಲು ತಳ್ಳಿದರೆ ತೆರೆಯುತ್ತದೋ ಅದನ್ನೇ ಎಲ್ಲರೂ ತಳ್ಳುತ್ತಾರೆ. ಹಾಗಾಗಿ ಕಚ್ಚುವುದನ್ನು ಬಿಡಿಸುವ ಮೊದಲು ಬದಲಿಗೆ ಇನ್ನೊಂದು ದಾರಿ ಕೊಡಬೇಕು, ಅದು ಕಚ್ಚುವುದಕ್ಕಿಂತ ಸುಲಭ ಆಗಿರಬೇಕು. ಕೊಡದೆ ಬಿಡಿಸಲು ಹೋದರೆ ಕಚ್ಚುವುದು ನಿಂತು ಒದೆಯುವುದು ಶುರುವಾಗುತ್ತದೆ.

ಇಷ್ಟು ಹೇಳಿದ ಮೇಲೂ ಮೊದಲು ಮಾಡಬೇಕಾದ ಕೆಲಸ ಶಾಲೆಯದಲ್ಲ, ಡಾಕ್ಟರದ್ದು. ಹಲ್ಲು, ಕಿವಿ, ಹೊಟ್ಟೆ ನೋಡಿಸಿ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ನನ್ನದೇ ಒಂದು ತಪ್ಪು. ವರ್ಷಗಳ ಹಿಂದೆ ಒಬ್ಬ ಹುಡುಗಿ ನನ್ನ ಹತ್ತಿರ ಬರುತ್ತಿದ್ದಳು, ಒಂದು ಮಾತೂ ಇರಲಿಲ್ಲ. ಇದ್ದಕ್ಕಿದ್ದ ಹಾಗೆ ಕೆನ್ನೆಗೆ ಹೊಡೆದುಕೊಳ್ಳಲು ಶುರು ಮಾಡಿದಳು. ಎಲ್ಲರ ಗಮನ ಸೆಳೆಯುವುದಕ್ಕೆ ಮಾಡುತ್ತಾಳೆ ಅಂದುಕೊಂಡು ‘ನೋಡದ ಹಾಗೆ ಇರಿ’ ಅಂತ ಅವಳ ಅಮ್ಮನಿಗೆ ಹೇಳಿದೆ. ಮೂರು ವಾರ ಆ ತಾಯಿ ನನ್ನ ಮಾತು ನಂಬಿ ನೋಡದ ಹಾಗೆ ಇದ್ದರು. ಆಮೇಲೆ ಗೊತ್ತಾಯಿತು, ದವಡೆ ಹಲ್ಲು ಹುಳುಕಾಗಿ ಕೀವು ತುಂಬಿತ್ತು. ಹಲ್ಲು ಕಿತ್ತ ಎರಡೇ ದಿನಕ್ಕೆ ಹೊಡೆದುಕೊಳ್ಳುವುದು ನಿಂತಿತು. ಅವತ್ತಿನಿಂದ ಹೊಸದಾಗಿ ಶುರುವಾದ ಯಾವ ವರ್ತನೆಗೂ ನಾನು ಮೊದಲು ಕೇಳುವುದು ‘ಕಕ್ಕಸು ಸರಿಯಾಗಿ ಆಗ್ತಿದೆಯಾ, ನಿದ್ದೆ ಹೇಗಿದೆ, ಕಿವಿ ಮುಟ್ಟಿಕೊಳ್ತಾನಾ’ ಅಂತ. ಮಲಬದ್ಧತೆ ಈ ಮಕ್ಕಳಲ್ಲಿ ತುಂಬಾ ಸಾಮಾನ್ಯ. ಮೂರ್ಛೆ ರೋಗವೂ ಬೇರೆ ಮಕ್ಕಳಿಗಿಂತ ಜಾಸ್ತಿ. ಏನೂ ಕಾರಣ ಇಲ್ಲದೆ ಒಂದು ಕ್ಷಣ ದಿಟ್ಟಿಸಿ ನಿಂತುಬಿಟ್ಟರೆ, ಆಮೇಲೆ ಸುಸ್ತಾಗಿ ಮಲಗಿದರೆ, ಅದನ್ನು ಡಾಕ್ಟರಿಗೆ ಹೇಳಲೇಬೇಕು. ಸಾಧ್ಯವಾದರೆ ಮೊಬೈಲಿನಲ್ಲಿ ವಿಡಿಯೋ ತೆಗೆದಿಡಿ.

ಇನ್ನು ಪರೀಕ್ಷೆಯ ವಿಷಯ. ಒಂದು 40 ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಪುಟಕ್ಕೆ ಮೂರು ಕಾಲಂ ಎಳೆಯಿರಿ: ಮುಂಚೆ ಏನಾಯಿತು, ಅವನು ಏನು ಮಾಡಿದ, ಆಮೇಲೆ ನಾವು ಏನು ಮಾಡಿದೆವು. ಬದಿಯಲ್ಲಿ ಗಂಟೆ, ಮಳೆ ಇತ್ತೋ ಇಲ್ಲವೋ. ‘ರಂಪ ಮಾಡಿದ’, ‘ಸಿಟ್ಟು ಬಂತು’ ಅಂತ ಬರೆಯಬೇಡಿ, ಅದು ನಮ್ಮ ತೀರ್ಪು. ‘12.25, ಜೋರು ಮಳೆ, ಬೆಲ್ ಆಯಿತು, ಪಕ್ಕದವನು ತಟ್ಟೆ ಬಡಿದ, ಎಡಗೈ ಕಚ್ಚಿಕೊಂಡ, ಮೇಷ್ಟ್ರು ಹೊರಗೆ ಕರೆದುಕೊಂಡು ಹೋದರು, ಐದು ನಿಮಿಷಕ್ಕೆ ಸುಮ್ಮನಾದ’ ಅಂತ ಬರೆಯಿರಿ. ಶಾಲೆಯಲ್ಲಿ ಮೇಷ್ಟ್ರಿಗೆ ಅಷ್ಟೆಲ್ಲ ಬರೆಯಲು ಪುರುಸೊತ್ತು ಇರುವುದಿಲ್ಲ. ಫೋನ್ ಬಂದಾಗ ನೀವೇ ಈ ಪ್ರಶ್ನೆ ಕೇಳಿ ಬರೆದುಕೊಳ್ಳಿ, ಅಡುಗೆಯಮ್ಮನನ್ನೂ ಕೇಳಿ. ಊಟದ ಹೊತ್ತಿನಲ್ಲಿ ನಡೆಯುವುದು ಅವರ ಕಣ್ಣಿಗೆ ಬಿದ್ದಷ್ಟು ಬೇರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕಚ್ಚದೆ ಇದ್ದ ದಿನಗಳನ್ನೂ ಬರೆಯಿರಿ. ಎಷ್ಟೋ ಸಲ ಉತ್ತರ ಇರುವುದು ಆ ದಿನಗಳಲ್ಲೇ.

ಪುಸ್ತಕ ತುಂಬುವವರೆಗೆ ಕಾಯಬೇಕಾಗಿಲ್ಲ. ಸದ್ದಿನ ವಿಷಯಕ್ಕೆ ಕೆಲವು ಕೆಲಸ ನಾಳೆಯೇ ಶುರು ಮಾಡಬಹುದು. ತೋಟದಲ್ಲಿ ಕಳೆ ಕೊಚ್ಚುವ ಮಷೀನ್ ಹಿಡಿಯುವವರು ಕಿವಿಗೆ ಹಾಕಿಕೊಳ್ಳುತ್ತಾರಲ್ಲ, ಇಯರ್ ಮಫ್, ಅದೇ ಸಾಕು. ಮಕ್ಕಳ ಅಳತೆಯದೂ ಸಿಗುತ್ತದೆ. ಮೊದಲು ಮನೆಯಲ್ಲಿ ಅವನಿಗೆ ಇಷ್ಟವಾದ ಕೆಲಸ ಮಾಡುವಾಗ ಎರಡು ನಿಮಿಷ ಹಾಕಿ ರೂಢಿ ಮಾಡಿಸಿ. ಒಂದೇ ಸಲ ಶಾಲೆಯಲ್ಲಿ ತಲೆಗೆ ಏರಿಸಿದರೆ ಕಿತ್ತು ಬಿಸಾಕುತ್ತಾನೆ. ದಿನವಿಡೀ ಹಾಕಿಸಬೇಡಿ, ಕಿವಿ ಇನ್ನೂ ಸೂಕ್ಷ್ಮ ಆಗುತ್ತದೆ. ಜೋರು ಮಳೆ, ಊಟದ ಹೊತ್ತು, ಅಷ್ಟಕ್ಕೆ ಮಾತ್ರ. ಬೆಲ್ ಹೊಡೆಯುವ ಐದು ನಿಮಿಷ ಮುಂಚೆ ಅವನಿಗೆ ತಟ್ಟೆ ಕೊಟ್ಟು ಹೆಂಚಿನ ಕಟ್ಟಡದ ಜಗಲಿಯಲ್ಲಿ ಕೂರಿಸಲು ಆಗುತ್ತದಾ ಅಂತ ಮೇಷ್ಟ್ರನ್ನು ಕೇಳಿ. ಕಾಸು ಖರ್ಚಿಲ್ಲ. ಚೀಲದಲ್ಲಿ ಒಂದು ಜೊತೆ ಒಣ ಸಾಕ್ಸ್ ಇಡಿ. ಒದ್ದೆ ಸಾಕ್ಸ್ ಹಾಕಿಕೊಂಡು ಬೆಳಿಗ್ಗೆಯಿಂದ ಕೂತ ಮಗುವಿನ ತಾಳ್ಮೆ ಮಧ್ಯಾಹ್ನಕ್ಕೆ ಅರ್ಧ ಖಾಲಿಯಾಗಿರುತ್ತದೆ. ಊಟಕ್ಕೆ ಮೊದಲು ಏನೇನು ನಡೆಯುತ್ತದೆ ಅನ್ನುವುದನ್ನು ನಾಲ್ಕು ಫೋಟೋ ತೆಗೆದು, ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ಲ್ಯಾಮಿನೇಷನ್ ಮಾಡಿಸಿ. ಪಾಠ, ಕೈ ತೊಳೆಯುವುದು, ಊಟ, ಆಟ. ಮುಂದೇನು ಅಂತ ಗೊತ್ತಿದ್ದರೆ ಅರ್ಧ ಹೆದರಿಕೆ ಕಮ್ಮಿ.

ಈಗ ಬದಲಿ ದಾರಿ. ಅಂಗೈ ಅಗಲದ ಒಂದು ಕಾರ್ಡು ಮಾಡಿ, ಅದರ ಮೇಲೆ ಆ ಜಗಲಿಯದೇ ಫೋಟೋ. ಕೆಳಗೆ ‘ಸಾಕು, ಹೊರಗೆ’ ಅಂತ ದೊಡ್ಡದಾಗಿ ಬರೆಯಿರಿ. ಕಾರ್ಡು ಕೊಟ್ಟರೆ ಅವನನ್ನು ಹೊರಗೆ ಕರೆದುಕೊಂಡು ಹೋಗಬೇಕು, ಎರಡು ಮೂರು ನಿಮಿಷ ಬಿಟ್ಟು ವಾಪಸ್ ಕರೆತರಬೇಕು. ಕಲಿಸುವುದು ಗಲಾಟೆಯ ಮಧ್ಯೆ ಅಲ್ಲ, ಅವನು ಸಮಾಧಾನವಾಗಿ ಇರುವಾಗ. ಒಬ್ಬರು ಎದುರಿಗೆ ಕೈ ಚಾಚಬೇಕು, ಇನ್ನೊಬ್ಬರು ಹಿಂದಿನಿಂದ ಅವನ ಕೈ ಹಿಡಿದು ಕಾರ್ಡು ಕೊಡಿಸಬೇಕು. ಕೊಟ್ಟ ಕೂಡಲೇ ಹೊರಗೆ. ಹತ್ತು ಸಲ, ಇಪ್ಪತ್ತು ಸಲ. ಮೊದಲ ವಾರ ಅವನು ದಿನಕ್ಕೆ ಮೂವತ್ತು ಸಲ ಕಾರ್ಡು ತೋರಿಸಿದರೂ ಮೂವತ್ತು ಸಲವೂ ಕರೆದುಕೊಂಡು ಹೋಗಬೇಕು. ಇಲ್ಲೇ ಎಲ್ಲರೂ ಎಡವುವುದು. ‘ಇದೇ ಅಭ್ಯಾಸ ಆಗುತ್ತೆ, ಪಾಠ ಯಾವಾಗ?’ ಅಂತ ಮೂರನೇ ದಿನಕ್ಕೆ ಕಾರ್ಡು ಬೀರುವಿಗೆ ಸೇರುತ್ತದೆ, ಹಲ್ಲು ವಾಪಸ್ ಬರುತ್ತದೆ. ಕಾರ್ಡು ಕೆಲಸ ಮಾಡುತ್ತದೆ ಅಂತ ಅವನಿಗೆ ನಂಬಿಕೆ ಬಂದ ಮೇಲೆ ‘ಇದೊಂದು ಸಾಲು ಬರೆದು ಹೋಗೋಣ’ ಅಂತ ನಿಧಾನಕ್ಕೆ ಕಾಯಿಸಬಹುದು. ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯೂರಂಡ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 1985ರಲ್ಲೇ ಇದನ್ನು ತೋರಿಸಿದ್ದಾರೆ. ಬೇಕಾದ್ದನ್ನು ಕೇಳುವ ಇನ್ನೊಂದು ಬಗೆ ಕಲಿಸಿದಾಗ ಕಷ್ಟದ ವರ್ತನೆ ತಾನಾಗಿ ಇಳಿಯಿತು.

ಹೊರಗೆ ಅಂದರೆ ಜಗಲಿ, ಮನೆ ಅಲ್ಲ. ಅದಕ್ಕೇ ಆ ಫೋನ್ ನಿಲ್ಲಬೇಕು. ಶಾಲೆಯವರ ಮೇಲೆ ನನಗೆ ಕೋಪ ಇಲ್ಲ. ಎರಡು ಕ್ಲಾಸು ಒಟ್ಟಿಗೆ ನೋಡುವ ಮೇಷ್ಟ್ರು, ಇನ್ನೊಂದು ಮಗುವಿನ ಕೈಯಲ್ಲಿ ಹಲ್ಲಿನ ಗುರುತು, ಅದರ ಅಪ್ಪ ಬಂದು ಕೂಗಾಡುತ್ತಾರೆ. ಅವರಿಗೂ ಸಾಕಾಗಿದೆ. ಆದರೆ ಕಚ್ಚಿದ ದಿನ ಮನೆಗೆ ಕಳಿಸುವುದು ಅಂದರೆ ಕಚ್ಚುವುದನ್ನು ಕಲಿಸಿಕೊಟ್ಟ ಹಾಗೆ. ಕರೆಯಲೇಬೇಕಾದರೆ ನೀವು ಹೋಗಿ, ಅವನ ಜೊತೆ ಜಗಲಿಯಲ್ಲಿ ಕೂತು, ಸುಮ್ಮನಾದ ಮೇಲೆ ಮತ್ತೆ ಕ್ಲಾಸಿನಲ್ಲಿ ಹತ್ತು ನಿಮಿಷ ಕೂರಿಸಿ, ಆಮೇಲೆ ಕರೆದುಕೊಂಡು ಬನ್ನಿ.

ಕಚ್ಚುತ್ತಿರುವ ಆ ಗಳಿಗೆಯಲ್ಲಿ ಏನು ಮಾಡಬೇಕು? ಮಾತು ಕಮ್ಮಿ ಮಾಡಿ. ‘ಯಾಕೋ ಹಿಂಗೆ ಮಾಡ್ತೀಯಾ’ ಅನ್ನುವುದೂ ಅವನಿಗೆ ಇನ್ನೊಂದು ಸದ್ದೇ. ಬೇರೆ ಮಕ್ಕಳನ್ನು ದೂರ ಕಳಿಸಿ, ಅವನನ್ನು ಎಳೆಯುವುದಕ್ಕಿಂತ ಅದು ಸುಲಭ. ಗಟ್ಟಿಯಾಗಿ ಹಿಡಿದು ಕೂರಿಸಬೇಡಿ, ತನಗೋ ಬೇರೆಯವರಿಗೋ ಪೆಟ್ಟಾಗುವ ಹಾಗಿದ್ದರೆ ಮಾತ್ರ ತಡೆಯಿರಿ. ಹಠಕ್ಕೂ ಇದಕ್ಕೂ ಒಂದು ವ್ಯತ್ಯಾಸ ನೋಡಬಹುದು. ಹಠ ಮಾಡುವ ಮಗು ಮಧ್ಯೆ ಮಧ್ಯೆ ಓರೆಗಣ್ಣಿನಲ್ಲಿ ನಮ್ಮನ್ನು ನೋಡುತ್ತದೆ, ಕೇಳಿದ್ದು ಸಿಕ್ಕಿದ ಕೂಡಲೇ ನಿಲ್ಲಿಸುತ್ತದೆ. ಸದ್ದು ಗದ್ದಲಕ್ಕೆ ಕುಸಿದ ಮಗುವಿಗೆ ಯಾರು ನೋಡುತ್ತಿದ್ದಾರೆ ಅನ್ನುವುದೇ ಗೊತ್ತಿರುವುದಿಲ್ಲ. ಚಾಕೊಲೇಟ್ ಕೊಟ್ಟರೂ ನಿಲ್ಲಿಸಲು ಅದರ ಕೈಯಲ್ಲಿ ಆಗುವುದಿಲ್ಲ.

ಮೊಬೈಲಿನ ಕಥೆ ಬೇರೆ. ಅಲ್ಲಿ ಅವನಿಗೆ ಬೇಕಾದದ್ದು ಒಂದು ವಸ್ತು. ಒಂದೇ ಮಗು, ಎರಡು ವರ್ತನೆ, ಎರಡು ಕಾರಣ. ಒಂದರ ಮದ್ದು ಇನ್ನೊಂದಕ್ಕೆ ಹಿಡಿಯುವುದಿಲ್ಲ. ಇವತ್ತು ಗಟ್ಟಿ ಮನಸ್ಸು ಮಾಡಿ ಕೊಡುವುದಿಲ್ಲ ಅಂದಿರಿ, ಅವನು ಚಚ್ಚಿಕೊಂಡ, ಹತ್ತು ನಿಮಿಷಕ್ಕೆ ನೀವು ಹೆದರಿ ಕೊಟ್ಟಿರಿ ಅಂದುಕೊಳ್ಳಿ. ಹತ್ತು ನಿಮಿಷ ಚಚ್ಚಿಕೊಂಡರೆ ಸಿಗುತ್ತದೆ ಅಂತ ಅವನು ಕಲಿತ. ಕೊಡದೆ ಇದ್ದರೂ ಮೊದಲ ಕೆಲವು ದಿನ ವರ್ತನೆ ಇಳಿಯುವ ಬದಲು ಏರುತ್ತದೆ. ತಲೆ ಚಚ್ಚಿಕೊಳ್ಳುವ ಮಗುವಿನ ಜೊತೆ ಆ ಪಂದ್ಯ ಕಟ್ಟಲು ನಾನು ಯಾವ ತಾಯಿಗೂ ಹೇಳುವುದಿಲ್ಲ. ಜಗಳಕ್ಕೆ ಮುಂಚೆಯೇ ದಾರಿ ಬದಲಿಸಿ. ಕಿತ್ತುಕೊಳ್ಳುವುದು ಬೇಡ. ವಿಡಿಯೋ ಮುಗಿಯುವವರೆಗೆ ಬಿಡಿ, ಮಧ್ಯದಲ್ಲಿ ನಿಲ್ಲಿಸುವುದೇ ತುಂಬಾ ಮಕ್ಕಳಿಗೆ ತಡೆಯಲಾಗದ ವಿಷಯ. ಎರಡು ಚಿತ್ರ ಪಕ್ಕಪಕ್ಕ ಅಂಟಿಸಿ, ಮೊದಲು ಮೊಬೈಲ್, ಆಮೇಲೆ ಸ್ಕೂಟಿ ಅಥವಾ ನೀರಾಟ. ಬಿಟ್ಟು ಎದ್ದು ಹೋಗುವುದಕ್ಕೆ ಆ ಕಡೆ ಏನಾದರೂ ಒಳ್ಳೆಯದು ಇರಬೇಕು. ಮೊಬೈಲನ್ನು ಅವನೇ ಒಂದು ಡಬ್ಬಿಗೆ ಹಾಕಲಿ. ಚಚ್ಚಿಕೊಳ್ಳಲು ಹೋದರೆ ತಲೆ ಮತ್ತು ಗೋಡೆಯ ನಡುವೆ ದಿಂಬು ಹಿಡಿಯಿರಿ, ಮಾತಾಡಬೇಡಿ.

ಅತ್ತೆಯವರ ವಿಷಯಕ್ಕೆ ಬರುತ್ತೇನೆ. ಅವರು ತಮ್ಮ ಮಕ್ಕಳನ್ನು ಹಾಗೇ ಬೆಳೆಸಿದ್ದಾರೆ, ಅವರ ಮೇಲೆ ಜಗಳಕ್ಕೆ ಹೋಗಬೇಡಿ. ಹೊಡೆದರೆ ಆ ಗಳಿಗೆಗೆ ನಿಲ್ಲುತ್ತದೆ, ಅದು ನಿಜ. ನಿಲ್ಲುವುದು ಹೆದರಿಕೆಯಿಂದ, ಶೀಟಿನ ಸದ್ದು ಹಾಗೇ ಇರುತ್ತದೆ. ದೊಡ್ಡವರು ಸಿಟ್ಟು ಬಂದಾಗ ಹೊಡೆಯುತ್ತಾರೆ ಅಂತ ಮಗುವೂ ಕಲಿಯುತ್ತದೆ. ಶಾಲೆಯಲ್ಲಂತೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಹೊಡೆಯುವ ಹಾಗೇ ಇಲ್ಲ. ಅತ್ತೆಯವರಿಗೆ ಒಂದು ಕೆಲಸ ಕೊಡಿ: ಸಂಜೆ ಮೊಮ್ಮಗ ರಂಪ ಮಾಡುವ ಮುಂಚೆ ಏನು ಮಾಡುತ್ತಿದ್ದ ಅಂತ ನೋಡಿ ಹೇಳಲಿ, ನೀವು ಬರೆದುಕೊಳ್ಳಿ. ಅಜ್ಜಿಯರು ಹೇಳಿದ ಸಣ್ಣ ವಿಷಯದಿಂದ ನನಗೆ ಎಷ್ಟೋ ಗಂಟು ಬಿಚ್ಚಿದ್ದಿದೆ.

ಮಾತ್ರೆ. ಆಟಿಸಂ ವಾಸಿ ಮಾಡುವ ಮಾತ್ರೆ ಇಲ್ಲ, ಸ್ಟೆಮ್ ಸೆಲ್ ಗಿಮ್ ಸೆಲ್ ಅಂತ ಲಕ್ಷಗಟ್ಟಲೆ ಕೇಳುವವರ ಹತ್ತಿರ ಹೋಗಬೇಡಿ. ತೀವ್ರ ಸಿಟ್ಟು, ತನಗೇ ಗಾಯ ಮಾಡಿಕೊಳ್ಳುವುದು ಇದ್ದಾಗ ರಿಸ್ಪೆರಿಡೋನ್, ಅರಿಪಿಪ್ರಜೋಲ್ ಎಂಬ ಎರಡು ಔಷಧಿಗಳನ್ನು ಮನೋವೈದ್ಯರು ಕೊಡುತ್ತಾರೆ. ಅಮೆರಿಕದಲ್ಲಿ 2006 ಮತ್ತು 2009ರಲ್ಲಿ ಇವಕ್ಕೆ ಒಪ್ಪಿಗೆ ಸಿಕ್ಕಿತು. ಕೆಲವು ಮಕ್ಕಳಿಗೆ ನಿಜವಾಗಿ ಅನುಕೂಲ ಆಗಿದ್ದನ್ನು ಕಂಡಿದ್ದೇನೆ, ಹಸಿವು ಜಾಸ್ತಿಯಾಗಿ ತೂಕ ಏರಿದ್ದನ್ನೂ ಕಂಡಿದ್ದೇನೆ. ನಿಮ್ಮ ಮಗ ಮನೆಯಲ್ಲಿ ಕಚ್ಚುವುದಿಲ್ಲ, ಸ್ಕೂಟಿ ಮೇಲೆ ಕಚ್ಚುವುದಿಲ್ಲ. ಜಾಗ ಬದಲಾದರೆ ನಿಲ್ಲುವ ವರ್ತನೆಗೆ ಮೊದಲು ಜಾಗ ಸರಿ ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ. ತಲೆಗೆ ಪೆಟ್ಟಾಗುವಷ್ಟು ಜೋರಾದರೆ ಕಾಯಬೇಡಿ, ಮನೋವೈದ್ಯರನ್ನು ನೋಡಿ. ಶುರು ಮಾಡಿದ ಔಷಧಿಯನ್ನು ಅವರನ್ನು ಕೇಳದೆ ನಿಲ್ಲಿಸಲೂ ಬೇಡಿ.

ಸ್ಪೆಷಲ್ ಸ್ಕೂಲ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ, ನನ್ನ ಅನ್ನವೇ ಅದರಿಂದ. ಕೆಲವು ಮಕ್ಕಳು ಅಲ್ಲಿ ಅರಳುತ್ತಾರೆ. ಆದರೆ ಹೆಂಚಿನ ಕಟ್ಟಡದಲ್ಲಿ ಒಂದು ವರ್ಷ ಚೆನ್ನಾಗಿದ್ದ ಮಗುವನ್ನು ಶೀಟಿನ ರೂಮಿನ ಕಾರಣಕ್ಕೆ ಊರು ಬಿಡಿಸುವುದು ಯಾವ ನ್ಯಾಯ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ, ಆಟಿಸಂ ಅದರಲ್ಲಿ ಒಂದು. ವೈಕಲ್ಯ ಶೇಕಡಾ 40 ಅಥವಾ ಹೆಚ್ಚು ಅಂತ ಪ್ರಮಾಣಪತ್ರ ಇದ್ದರೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ಸ್ಪೆಷಲ್ ಸ್ಕೂಲಿನಲ್ಲೋ ಉಚಿತವಾಗಿ ಓದುವ ಹಕ್ಕಿದೆ. ಯಾವುದು ಅನ್ನುವ ಆಯ್ಕೆ ನಿಮ್ಮದು, ಶಾಲೆಯದಲ್ಲ. ಶಿಕ್ಷಣ ಇಲಾಖೆಯ ತಾಲ್ಲೂಕು ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಹೋಗಿ ‘ಬಿಐಇಆರ್‌ಟಿ ಯಾರು?’ ಅಂತ ಕೇಳಿ. ಇಂಥ ಮಕ್ಕಳಿಗೆಂದೇ ಇರುವ ಸಂಪನ್ಮೂಲ ಶಿಕ್ಷಕರು ಅವರು. ಶಾಲೆಗೆ ಬಂದು ಆ ಊಟದ ಹೊತ್ತನ್ನು ಒಂದು ದಿನ ನೋಡಲಿ ಅಂತ ಅರ್ಜಿಯಲ್ಲೇ ಬರೆದುಕೊಡಿ. ಬಾಯಿಮಾತಿನಲ್ಲಿ ಹೇಳಿದ್ದು ನಿಲ್ಲುವುದಿಲ್ಲ. ವಿಕಲಚೇತನರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್, ಮಾಡಿಸಿಲ್ಲದಿದ್ದರೆ ಮಾಡಿಸಿ. ಅದಿದ್ದರೆ ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆಗೆ ಹೆಸರು ಹಾಕಿಸಬಹುದು. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ಥೆರಪಿ ಖರ್ಚು ಸಿಗುತ್ತದೆ. ಮಾತಿನ ತರಬೇತಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ದೂರ ಅನ್ನಿಸಿದರೂ ಒಂದು ಸಲ ಹೋಗಿ ಬನ್ನಿ.

ಮುಂದೆ ಎಂದಾದರೂ ಸ್ಪೆಷಲ್ ಸ್ಕೂಲ್ ನೋಡಲು ಹೋದರೆ ಕಟ್ಟಡ ನೋಡಿ ಮರುಳಾಗಬೇಡಿ. ಶಿಕ್ಷಕರಿಗೆ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯಾ ಕೇಳಿ. ‘ಮಗು ಕಚ್ಚಿದರೆ ಏನು ಮಾಡುತ್ತೀರಿ?’ ಅಂತ ಕೇಳಿ. ‘ನಮ್ಮ ಹತ್ರ ಬಂದ್ರೆ ಎಲ್ಲ ಬಾಲ ಮುದುರಿಕೊಳ್ತಾರೆ’ ಅಂದರೆ ಎದ್ದು ಬನ್ನಿ. ‘ಯಾವಾಗ ಕಚ್ಚುತ್ತಾನೆ?’ ಅಂತ ನಿಮ್ಮನ್ನೇ ವಾಪಸ್ ಕೇಳಿದರೆ ಕೂತು ಮಾತಾಡಿ.

ಎಲ್ಲಿ ತಪ್ಪಿದೆವು ಅಂತ ಕೇಳಿದ್ದೀರಿ. ತಾಯಿಯ ಪ್ರೀತಿ ಸಾಲದೆ ಆಟಿಸಂ ಬರುತ್ತದೆ ಅಂತ ಒಂದು ಕಾಲದಲ್ಲಿ ಅಮೆರಿಕದ ದೊಡ್ಡ ದೊಡ್ಡವರೇ ಹೇಳುತ್ತಿದ್ದರು. ಆಟಿಸಂ ಇದ್ದ ಮಗನ ಅಪ್ಪನೂ ಮನಶ್ಶಾಸ್ತ್ರಜ್ಞನೂ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ಅದಕ್ಕೆ ಆಧಾರವೇ ಇಲ್ಲ ಅಂತ ವಾದಿಸಿದ. ತಾಯಿಯನ್ನು ದೂರುವ ಆ ಹಳೇ ಮಾತನ್ನು ಈಗ ವೈದ್ಯವಿಜ್ಞಾನ ಒಪ್ಪುವುದಿಲ್ಲ. ನಮ್ಮ ಊರುಗಳಲ್ಲಿ ಮಾತ್ರ ಮದುವೆ ಮನೆಯಲ್ಲಿ ಯಾರಾದರೂ ಒಬ್ಬರು ಇನ್ನೂ ಹೇಳುತ್ತಿರುತ್ತಾರೆ, ಅಲ್ವಾ? ಕಿವಿಗೆ ಹಾಕಿಕೊಳ್ಳಬೇಡಿ.

ಎರಡು ವಾರ ಬಿಟ್ಟು ನೋಟ್‌ಬುಕ್ಕಿನ ಪುಟಗಳ ಫೋಟೋ ತೆಗೆದು ಕಳಿಸಿ. ಮಳೆ ಇಲ್ಲದ ದಿನ ಕಚ್ಚಿದ್ದರೆ ಅದನ್ನು ಕೆಂಪು ಪೆನ್ನಿನಲ್ಲಿ ಬರೆಯಿರಿ. ಕೆಂಪು ಜಾಸ್ತಿ ಕಂಡರೆ ಶೀಟಿನ ಬಗ್ಗೆ ನಾನು ಹೇಳಿದ್ದು ತಪ್ಪು. ಆಗ ಆ ಊಟದ ಸಾಲನ್ನೋ, ಹೊಸ ಮೇಷ್ಟ್ರ ದನಿಯನ್ನೋ, ಪಕ್ಕದಲ್ಲಿ ಕೂರುವ ಹುಡುಗನನ್ನೋ ನೋಡಬೇಕಾಗುತ್ತದೆ.